ಒಂದು ವರ್ಷದ ಡಾಕ್ಟ್ರು

ಬಸ್ಸಿನಿಂದ ಇಳಿದವನೇ ಮೊಬೈಲನ್ನು ಆಕಾಶಕ್ಕೆ ಎತ್ತಿ ಹಿಡಿದು, ನಿಂತಲ್ಲೇ ಒಂದು ಸುತ್ತು ತಿರುಗುವ ಹುಡುಗ ಯಾರು ಎಂದು ನಮ್ಮೂರಲ್ಲಿ ಯಾರೂ ಕೇಳುವುದಿಲ್ಲ. ಬಾಂಡ್ ಡಾಕ್ಟ್ರು ಬಂದರು ಎಂದು ಹೋಟೆಲಿನವನು ಇನ್ನೊಂದು ಟೀಗೆ ಹಾಲಿಡುತ್ತಾನೆ. ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು, ಕಿವಿಯಲ್ಲಿ ಇಯರ್‌ಫೋನು, ಕೈಯಲ್ಲಿ ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ ಡಬ್ಬಿ. ಸ್ಟೆತಾಸ್ಕೋಪು ಸೂಟ್‌ಕೇಸಿನ ತಳದಲ್ಲಿ, ಬನಿಯನ್ನುಗಳ ಕೆಳಗೆ ಇರುತ್ತದೆ.

ಇವನನ್ನು ಇಲ್ಲಿಗೆ ತಂದಿಳಿಸಿದ್ದು 2012ರ ಒಂದು ಕಾಯ್ದೆ. ಕರ್ನಾಟಕದಲ್ಲಿ ಡಾಕ್ಟರಿಕೆ ಓದಿದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕು ಎಂದು ಅದು ಹೇಳಿತು, ಜನರ ಬಾಯಲ್ಲಿ ಅದೇ ಬಾಂಡ್. 2023ರಲ್ಲಿ ತಿದ್ದುಪಡಿಯಾಗಿ, ಖಾಲಿ ಹುದ್ದೆ ಇದ್ದಷ್ಟು ಜನ ಬಂದರೆ ಸಾಕು ಎಂದಾಯಿತು. ನಮ್ಮೂರಿನ ಹುದ್ದೆ ಖಾಲಿ ಬೀಳುವುದನ್ನು ಒಂದು ವರ್ಷವೂ ತಪ್ಪಿಸಿಲ್ಲ. ಬಯಲಲ್ಲಿ 30,000 ಜನಕ್ಕೆ, ಗುಡ್ಡಗಾಡಿನಲ್ಲಿ 20,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ಸರ್ಕಾರದ ಲೆಕ್ಕ. ನಮ್ಮದು ಗುಡ್ಡಗಾಡು. ಅಷ್ಟೂ ಜನಕ್ಕೆ ಕಾಯಿಲೆ ಬರುವುದು ಸೋಮವಾರವೇ, ಅಂದು ಸಂತೆ.

ಮೊದಲ ದಿನ ಕುರ್ಚಿಯಲ್ಲಿ ಕೂತವನನ್ನು ನೋಡಿ ಅಜ್ಜಿಯೊಬ್ಬಳು ಕೇಳುತ್ತಾಳೆ, "ದೊಡ್ಡ ಡಾಕ್ಟ್ರು ಯಾವಾಗ ಬರ್ತಾರೆ ಮಗಾ?"

"ನಾನೇ ಅಜ್ಜಿ ಡಾಕ್ಟ್ರು."

"ಇರ್ಲಿ, ಅವರು ಬರೋವರೆಗೂ ಬಿಪಿ ನೋಡು."

ಮರುದಿನದಿಂದ ಇವನು ಗಡ್ಡ ಬಿಡುತ್ತಾನೆ. ನಮ್ಮಲ್ಲಿಗೆ ಬಂದ ಗಂಡು ಡಾಕ್ಟ್ರುಗಳೆಲ್ಲ ಗಡ್ಡದವರೇ. ಹೆಣ್ಣು ಡಾಕ್ಟ್ರಿಗೆ ಆ ಉಪಾಯವೂ ಇಲ್ಲ. ಅವಳು ವರ್ಷಪೂರ್ತಿ "ಸಿಸ್ಟರೇ" ಎನ್ನಿಸಿಕೊಂಡು, ನಿಜವಾದ ಸಿಸ್ಟರ್ "ಅವರು ಮೇಡಂ ಕಣ್ರೀ" ಎಂದು ದಿನಕ್ಕೆ ಇಪ್ಪತ್ತು ಸಲ ತಿದ್ದುವುದನ್ನು ಕೇಳಿಸಿಕೊಂಡಿರಬೇಕು.

ಇವನ ಮೈ ಇಲ್ಲಿದ್ದರೂ ಮನಸ್ಸು ಮುಂದಿನ ಓದಿನ ಪ್ರವೇಶ ಪರೀಕ್ಷೆಯಾದ ನೀಟ್ ಪಿಜಿಯಲ್ಲಿರುತ್ತದೆ. ಹತ್ತೊಂಬತ್ತು ಸಬ್ಜೆಕ್ಟು, 200 ಪ್ರಶ್ನೆ, 800 ಅಂಕ, ತಪ್ಪಿದರೆ ಒಂದು ಅಂಕ ಕಟ್. ಮೇಜಿನ ಮೇಲೆ ಓಪಿಡಿ ರಿಜಿಸ್ಟರು, ಅದರ ಕೆಳಗೆ ಟ್ಯಾಬು. ಇಬ್ಬರು ರೋಗಿಗಳ ನಡುವಿನ ಸಂದಿಯಲ್ಲಿ ಎರಡು ಪ್ರಶ್ನೆ ಬಿಡಿಸುತ್ತಾನೆ. 2024ರಲ್ಲಿ ಪರೀಕ್ಷೆಯನ್ನು ಹಿಂದಿನ ರಾತ್ರಿ ಮುಂದೂಡಿದರಲ್ಲ, ಆಗ ಇದ್ದವನು ಸಾಲ ಮಾಡಿ ರಜೆ ಪಡೆದು ಪರೀಕ್ಷೆಯ ಊರು ಮುಟ್ಟಿದ್ದ. ಮರಳಿ ಬಂದವನನ್ನು ನೋಡಿ ಊರಿಗೆ ಊರೇ ಮರುಗಿತು. ಮದುವೆ ಮುರಿದು ಬಂದ ಗಂಡಿಗೂ ಅಷ್ಟು ಸಮಾಧಾನ ಹೇಳಿದ್ದಿಲ್ಲ.

ಪರೀಕ್ಷೆಗೆಂದು ಇವನು ದೇಶದ ಆರೋಗ್ಯ ವ್ಯವಸ್ಥೆಯನ್ನೂ ಬಾಯಿಪಾಠ ಮಾಡಿದ್ದಾನೆ. ಭೋರ್ ಸಮಿತಿ ಎಂದರೆ ನಿದ್ದೆಗಣ್ಣಲ್ಲೂ 1946 ಎನ್ನುತ್ತಾನೆ. ಆ ಸಮಿತಿ ಹಳ್ಳಿಗೆ ಬೇಕೆಂದು ಬರೆದ ಆರೋಗ್ಯ ಕೇಂದ್ರದೊಳಗೇ ನೀನು ಕೂತಿದ್ದೀಯಲ್ಲಪ್ಪಾ ಎಂದರೆ, ಸೋರುವ ಮಾಡಿನ ಕೆಳಗಿಟ್ಟ ಬಕೆಟನ್ನು ನೋಡಿ "ಹೌದಾ?" ಎನ್ನುತ್ತಾನೆ.

ಓಪಿಡಿ ಮುಗಿಯಿತೆಂದರೆ ಪೋರ್ಟಲ್ಲುಗಳ ಸರದಿ. ಕ್ಷಯಕ್ಕೆ ನಿಕ್ಷಯ್, ಸಾಂಕ್ರಾಮಿಕಕ್ಕೆ ಐಎಚ್‌ಐಪಿ, ದೂರದ ಸಲಹೆಗೆ ಇ-ಸಂಜೀವಿನಿ. ಒಂದೊಂದಕ್ಕೂ ಒಂದೊಂದು ಪಾಸ್‌ವರ್ಡು, ಒಟಿಪಿ ಮಾತ್ರ ವರ್ಷ ಮುಗಿಸಿ ಹೋದ ಹಳೆಯ ಡಾಕ್ಟ್ರ ಮೊಬೈಲಿಗೆ. ಅಷ್ಟರಲ್ಲಿ ತಾಲ್ಲೂಕು ಆರೋಗ್ಯಾಧಿಕಾರಿಗಳ ವಿಡಿಯೋ ಮೀಟಿಂಗು. "ನಿಮ್ಮ ಕೇಂದ್ರದ ಅಂಕಿಅಂಶ ಯಾಕೆ ಬಂದಿಲ್ಲ?" ಎಂದು ಅವರು ಕೇಳುವಾಗ ಕರೆಂಟು ಹೋಗುತ್ತದೆ. ಈ ಸರ್ಕಾರಿ ಸೇವೆಯಲ್ಲಿ ಬೆಸ್ಕಾಂ, ಮೆಸ್ಕಾಂಗಳು ಡಾಕ್ಟ್ರಿಗೆ ಮಾಡುವ ಉಪಕಾರ ಇದೊಂದೇ.

ಸಿಟ್ಟು ಬಂದ ಜನ ಮೇಜು ಗುದ್ದುವುದೂ ಉಂಟು. ವೈದ್ಯರ ಮೇಲೆ ಹಲ್ಲೆ ಮಾಡಿದರೆ ಜಾಮೀನಿಲ್ಲ ಎಂಬ 2009ರ ಕಾಯ್ದೆಯ ಫಲಕ ಗೋಡೆಯ ಮೇಲಿದೆ. ಗಲಾಟೆಗೆ ಬಂದವರು ಮೊದಲು ತಮ್ಮ ಟವೆಲನ್ನು ಅದರ ಮೊಳೆಗೇ ನೇತುಹಾಕುತ್ತಾರೆ.

ಇವನು ಡಾಕ್ಟ್ರಾಗುವುದು ಮಳೆಗಾಲದ ಒಂದು ರಾತ್ರಿ. ಜೀಪು ಬಂದು ನಿಲ್ಲುತ್ತದೆ. ಹಾವು ಕಡಿದವನನ್ನು ನಾಲ್ಕು ಜನ ಎತ್ತಿ ತರುತ್ತಾರೆ, ಐದನೆಯವನ ಕೈಯಲ್ಲಿ ಗೊಬ್ಬರದ ಚೀಲ.

"ಡಾಕ್ಟ್ರೆ, ಬೇಗ ನೋಡಿ. ಇನ್ನೂ ಜೀವ ಇದೆ ಮಾರಾಯ್ರೆ!"

ಇವನು ರೋಗಿಯ ಕೈ ಹಿಡಿದು ನಾಡಿ ನೋಡುತ್ತಾನೆ. ಅವರು ಹೇಳಿದ್ದು ಚೀಲದೊಳಗಿನ ಕೊಳಕುಮಂಡಲದ ಮಾತು. ಅದು ಅಲ್ಲಾಡಿದೊಡನೆ ಡಾಕ್ಟ್ರು ಕುರ್ಚಿಯ ಮೇಲೆ.

ಇಳಿದ ಮೇಲೆ ಓದಿದ್ದು ನೆನಪಾಗುತ್ತದೆ. ರಕ್ತ ಹೆಪ್ಪುಗಟ್ಟುತ್ತದೋ ಇಲ್ಲವೋ ನೋಡಬೇಕು. ಎರಡು ಎಂಎಲ್ ರಕ್ತ ತೆಗೆದು, ಒಣಗಿದ ಶುದ್ಧ ಗಾಜಿನ ಟ್ಯೂಬಿನಲ್ಲಿ ಅಲುಗಿಸದೆ ಇಪ್ಪತ್ತು ನಿಮಿಷ ಇಡಬೇಕು. ಪ್ಲಾಸ್ಟಿಕ್ ಟ್ಯೂಬ್ ಆಗದು. "ಸಿಸ್ಟರ್, ಗಾಜಿಂದು..." ಎನ್ನುವಷ್ಟರಲ್ಲಿ ಟ್ಯೂಬು ಮುಂದಿರುತ್ತದೆ, ಸಿಸ್ಟರು ಇಂಥ ಎಷ್ಟೋ ಬಾಂಡುಗಳನ್ನು ಕಂಡವರು. ಆ ಇಪ್ಪತ್ತು ನಿಮಿಷವನ್ನು ಯಾವ ಕಾಲೇಜೂ ಕಲಿಸಿರುವುದಿಲ್ಲ. ಸುತ್ತ ಜನ. "ಸುಮ್ನೆ ಕೂತ್ರಲ್ಲ ಡಾಕ್ಟ್ರೆ, ಏನಾದ್ರೂ ಮಾಡಿ. ಒಂದು ಗ್ಲೂಕೋಸಾದ್ರೂ ಏರಿಸಿ." ಇವನು ಟ್ಯೂಬನ್ನು ನೋಡುತ್ತಾನೆ, ಜನ ಇವನನ್ನು ನೋಡುತ್ತಾರೆ, ಇವನಿಗೆ ಆ ಫಲಕವನ್ನೊಮ್ಮೆ ನೋಡೋಣವೆನ್ನಿಸುತ್ತದೆ. ಹೊತ್ತಾದ ಮೇಲೆ ಟ್ಯೂಬನ್ನು ಓರೆ ಮಾಡಿದರೆ ರಕ್ತ ನೀರಿನಂತೆ ಹರಿಯುತ್ತದೆ. ನೀಟ್ ಪರೀಕ್ಷೆಯಲ್ಲಾದರೆ ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಬೇಕು. ಇಲ್ಲಿ ಪುಣ್ಯಕ್ಕೆ, ನಾಗರ, ಕಟ್ಟುಹಾವು ಮತ್ತು ಎರಡು ಜಾತಿಯ ಮಂಡಲ, ಈ ನಾಲ್ಕಕ್ಕೂ ಪ್ರತಿವಿಷ ಒಂದೇ. ಹತ್ತು ಬಾಟಲಿ ಏರಿಸಿ, ಅಲರ್ಜಿಯಾದರೆ ಎಂದು ಅಡ್ರಿನಲಿನ್ ಸಿರಿಂಜು ಹಿಡಿದು, ಬೆಳಗಾಗುವವರೆಗೂ ಮಂಚದ ಪಕ್ಕ ಸ್ಟೂಲು ಹಾಕಿ ಕೂರುತ್ತಾನೆ. ಬೆಳಿಗ್ಗೆ ಕಡಿಸಿಕೊಂಡವನು ಬನ್ನು ತಿನ್ನುತ್ತಿರುತ್ತಾನೆ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಸರ್ಕಾರಕ್ಕೆ ತಿಳಿಸಬೇಕಾದ್ದರಿಂದ ಡಾಕ್ಟ್ರು ಪೋರ್ಟಲ್ಲಿನಲ್ಲಿ ಪಾಸ್‌ವರ್ಡ್ ಹುಡುಕುತ್ತಿರುತ್ತಾನೆ.

ಅಲ್ಲಿಂದ ಮುಂದೆ ದೊಡ್ಡ ಡಾಕ್ಟ್ರನ್ನು ಯಾರೂ ಕೇಳುವುದಿಲ್ಲ. ಯಾರು ಬಿಪಿ ಮಾತ್ರೆಯನ್ನು ಉಳಿತಾಯಕ್ಕೆಂದು ಮುರಿದು ನುಂಗುತ್ತಾರೆ, ಯಾರ ಗ್ಯಾಸ್ಟ್ರಿಕ್ಕಿಗೆ ಇಸಿಜಿ ಮಾಡಲೇಬೇಕು, ಯಾವ ಮನೆಯ ಸೊಸೆಗೆ ತಲೆನೋವು ಬಂದರೆ ಅತ್ತೆಯನ್ನು ಹೊರಗೆ ಕೂರಿಸಿ ಮಾತಾಡಬೇಕು, ಎಲ್ಲವೂ ಇವನಿಗೆ ತಿಳಿಯುತ್ತದೆ. ತಿಳಿಯಿತು ಎನ್ನುವಾಗ ವರ್ಷ ಮುಗಿಯುತ್ತದೆ. ಗಡ್ಡ ಬೋಳಿಸಿಕೊಳ್ಳುತ್ತಾನೆ.

ಪಿಜಿಗೆ ಬೇಕಾಗಿದ್ದದ್ದು ರೇಡಿಯಾಲಜಿ, ಸಿಕ್ಕಿದ್ದು ಜನರಲ್ ಮೆಡಿಸಿನ್. ಪಂಚಾಯ್ತಿಯವರು ಶಾಲು ಹೊದಿಸುತ್ತಾರೆ, ಪೇಟ ತೊಡಿಸುತ್ತಾರೆ, ಹಣ್ಣಿನ ಬುಟ್ಟಿ ಕೊಡುತ್ತಾರೆ. ಮತ್ತೆ ಮೂರು ವರ್ಷ ಓದಲು ಹೋಗುತ್ತಾನೆಂದು ಕೇಳಿ ಬಿಪಿ ಅಜ್ಜಿಯ ಕಣ್ಣು ಒದ್ದೆಯಾಗುತ್ತದೆ. "ಅಯ್ಯೋ ಮಗಾ, ಎಷ್ಟು ಸಲ ಫೇಲಾದೆಯೋ?"

ಪಿಜಿ ಓದುತ್ತಲೇ ಆಸ್ಪತ್ರೆಯಲ್ಲಿ ದುಡಿಯುವ ರೆಸಿಡೆಂಟ್ ಡಾಕ್ಟ್ರು ಸಾಮಾನ್ಯವಾಗಿ ವಾರಕ್ಕೆ 48 ಗಂಟೆ, ಒಂದೇ ಸಮ 12 ಗಂಟೆ ಮೀರದಂತೆ ದುಡಿಯಬೇಕು ಎಂದು 1992ರ ಕೇಂದ್ರ ಸರ್ಕಾರದ ನಿಯಮ ಇದೆಯಂತೆ. ಆ 48 ಗಂಟೆಯನ್ನು ಬುಧವಾರದೊಳಗೇ ಮುಗಿಸಿ ಕೂತ ಇವನು ಒಂದು ರಾತ್ರಿ ಸಿಸ್ಟರಿಗೆ ಫೋನು ಮಾಡುತ್ತಾನೆ. "ಸಿಸ್ಟರ್, ಅಲ್ಲಿ ಸಂಜೆಗೊಂದು ಟೀ ಆದ್ರೂ ಸಿಗ್ತಿತ್ತು." ಸಿಸ್ಟರು "ಹೂಂ ಸರ್, ಹೊಸಬರು ಬಂದಿದ್ದಾರೆ, ಆಮೇಲೆ ಮಾಡ್ತೀನಿ" ಎಂದು ಇಡುತ್ತಾರೆ.

ನಮ್ಮೂರಿಗೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಾನ್ಯತೆ ಇಲ್ಲ. ಫೀಸು ತೆಗೆದುಕೊಂಡವರೂ ಅಲ್ಲ. ಆದರೂ ವರ್ಷಕ್ಕೊಬ್ಬನನ್ನು ಡಾಕ್ಟ್ರು ಮಾಡಿ ಪೇಟೆಗೆ ಕಳಿಸುತ್ತಿದ್ದೇವೆ. ತೊಂದರೆ ಇಷ್ಟೇ: ನಮಗೆ ಬರುವವರು ಯಾವಾಗಲೂ ಫಸ್ಟ್ ಇಯರಿನವರು, ನಮ್ಮ ಕಾಯಿಲೆಗಳು ಮಾತ್ರ ಫೈನಲ್ ಇಯರಿನವು.