ಡೋಂಗ್ವಾನಿನ ಗಾಳಿ

ಖಾಲಿ ಡಬ್ಬಿಯಲ್ಲಿ ಏನೂ ಇರುವುದಿಲ್ಲ ಎಂದು ನಂಬಿದವರು ಇನ್ನೂ ಡಬ್ಬಿ ಆಮದು ಮಾಡಿದವರಲ್ಲ. ಹಡಗಿನವರ ಲೆಕ್ಕದಲ್ಲಿ ಅದರಷ್ಟು ತುಂಬಿದ ವಸ್ತು ಇನ್ನೊಂದಿಲ್ಲ. ಇಡೀ ಕಂಟೇನರು ತುಂಬಿಸುವ ತಾಕತ್ತಿಲ್ಲದ ನನ್ನಂಥವರು ಹತ್ತಾರು ಜನರ ಸರಕಿನ ನಡುವೆ ಜಾಗ ಹಿಡಿಯಬೇಕು. ಬಾಡಿಗೆ ಟನ್ನಿನ ಲೆಕ್ಕಕ್ಕೋ ಘನ ಮೀಟರಿನ ಲೆಕ್ಕಕ್ಕೋ ಎಂದು ಕೇಳಿದರೆ, ಯಾವುದು ಹೆಚ್ಚೋ ಅದಕ್ಕೆ ಅನ್ನುತ್ತಾರೆ. ನನ್ನ 5,000 ತಗಡಿನ ಡಬ್ಬಿಗಳ ತೂಕ ಒಂದು ಟನ್ನಿನ ಆಸುಪಾಸು. ಗಾತ್ರ ಸುಮಾರು 7 ಘನ ಮೀಟರು. ಅಂದರೆ ದಕ್ಷಿಣ ಚೀನಾದ ಡೋಂಗ್ವಾನ್ ಎಂಬ ಊರಿನ ಗಾಳಿಯನ್ನು ನಾನು ರೊಕ್ಕ ಕೊಟ್ಟು ಹಡಗು ಹತ್ತಿಸಿ, ಮಲಕ್ಕಾ ಜಲಸಂಧಿ ದಾಟಿಸಿ, ನ್ಹಾವಾ ಶೇವಾ ಬಂದರಿನಲ್ಲಿ ಇಳಿಸಿ, ಲಾರಿಯಲ್ಲಿ ಗೋಕಾಕಕ್ಕೆ ತರಿಸಿದ್ದೇನೆ.

“ಯಾಕೋ, ಗೋಕಾಕದಾಗಿನ ಗಾಳಿ ಸಾಲದಾಗಿತ್ತೇನು?” ಎಂದಳು ಅವ್ವ.

ಕತೆ ಅಲ್ಲಿಗೇ ಮುಗಿಯುವುದಿಲ್ಲ. ನಮ್ಮ ದೇಶದಲ್ಲಿ ಸುಂಕ ಬೀಳುವುದು ಬರೀ ಸಾಮಾನಿನ ಬೆಲೆಯ ಮೇಲಲ್ಲ. ಸಾಮಾನು, ಹಡಗಿನ ಬಾಡಿಗೆ, ವಿಮೆ, ಮೂರನ್ನೂ ಕೂಡಿಸಿದ ಮೊತ್ತದ ಮೇಲೆ. ಹೀಗಾಗಿ ಗಾಳಿಗೆ ಬಾಡಿಗೆ, ಆ ಬಾಡಿಗೆಗೆ ಸುಂಕ, ಸುಂಕದ ಮೇಲೆ ಶೇಕಡಾ 10 ಸಮಾಜ ಕಲ್ಯಾಣದ ಮೇಲುಸುಂಕ, ಇವೆಲ್ಲದರ ನೆತ್ತಿಯ ಮೇಲೆ ಐಜಿಎಸ್‌ಟಿ. ಕೊನೆಯದು ಮುಂದೆ ನಮ್ಮ ತೆರಿಗೆಯಲ್ಲಿ ವಜಾ ಆಗುತ್ತದೆ ಎಂದು ಆಡಿಟರು ಸಮಾಧಾನ ಹೇಳಿದರು. ಉಳಿದದ್ದು ಸಮಾಜದ ಕಲ್ಯಾಣಕ್ಕಾಯಿತು ಎಂದು ನಾನೇ ಹೇಳಿಕೊಂಡೆ.

ನಮ್ಮದು ಕರದಂಟಿನ ಸಣ್ಣ ವ್ಯಾಪಾರ. ಅಂಟು, ಬೆಲ್ಲ, ಒಣಕೊಬ್ಬರಿ, ಗೋಡಂಬಿ, ಉತ್ತತ್ತಿ ಎಲ್ಲ ಸೇರಿ ಗಟ್ಟಿಯಾಗಿ ಕೂತ ಪದಾರ್ಥ. ಬೇಗ ಕೆಡುವುದಿಲ್ಲವಾದ್ದರಿಂದ ಅಮೆರಿಕಕ್ಕೆ ಹೊರಟ ಮಕ್ಕಳ ಸೂಟ್‌ಕೇಸಿನಲ್ಲಿ ಅದಕ್ಕೊಂದು ಖಾಯಂ ಮೂಲೆ ಇದೆ. ಆ ಮಕ್ಕಳೇ ತಲೆಗೆ ಹುಳ ಬಿಟ್ಟದ್ದು: “ಅಂಕಲ್, ರುಚಿ ಭಾರಿ ಐತಿ, ಆದ್ರ ಪ್ಲಾಸ್ಟಿಕ್ ಡಬ್ಬಿ ಆಫೀಸಿನಾಗ ತೋರಿಸಾಕ ನಾಚಿಕಿ ಬರ್ತೈತಿ.” ಸರಿ, ಮುಚ್ಚಳದ ಮೇಲೆ ಗೋಕಾಕ ಜಲಪಾತ, ತೂಗುಸೇತುವೆ ಉಬ್ಬಿ ನಿಂತ ತಗಡಿನ ಡಬ್ಬಿ ಮಾಡಿಸೋಣ ಎಂದು ಹೊರಟೆ. ಬೆಳಗಾವಿಯಲ್ಲಿ ಎರಕದ ಕಾರ್ಖಾನೆಗಳಿಗೆ ಬರವಿಲ್ಲ. ಪಂಪಿನ ಹೊಟ್ಟೆ, ಕವಾಟದ ಕುತ್ತಿಗೆ ಏನು ಬೇಕಾದರೂ ಎರೆದು ಕೊಡುತ್ತಾರೆ. ಆದರೆ ಬಣ್ಣ ಅಚ್ಚಾದ ತೆಳು ತಗಡು ಅವರ ಕಸುಬಲ್ಲ. ತಗಡಿನ ದೊಡ್ಡ ಕಾರ್ಖಾನೆಯವರು ನನ್ನ 5,000 ಕೇಳಿ, ಸ್ಯಾಂಪಲ್ಲಿಗೆ ಕೇಳುತ್ತಿದ್ದಾನೆ ಅಂದುಕೊಂಡು ನಕ್ಕರು.

ಡೋಂಗ್ವಾನಿನವರು ಹಾಗೆ ನಗಲಿಲ್ಲ. ಅವರು ಯಾವುದಕ್ಕೂ ನಗುವುದಿಲ್ಲ, ಪ್ರಶ್ನೆ ಕೇಳುತ್ತಾರೆ. ಮಾರಾಟದ ಹುಡುಗಿ ಮೊದಲು ವೀಚಾಟ್‌ಗೆ ಬನ್ನಿ ಎಂದಳು. 2020ರ ಜೂನಿನಲ್ಲಿ ನಮ್ಮ ಸರಕಾರ ಬಾಗಿಲು ಹಾಕಿದ 59 ಆ್ಯಪುಗಳಲ್ಲಿ ಅದೂ ಒಂದೆಂದು ತಿಳಿಸಿದ ಮೇಲೆ ಇಮೇಲಿಗೆ ಒಪ್ಪಿದಳು. ತಗಡು ಎಷ್ಟು ದಪ್ಪ ಇರಬೇಕು? ಗಟ್ಟಿಮುಟ್ಟಾಗಿರಲಿ ಎಂದು ಬರೆದೆ. ಗಟ್ಟಿಮುಟ್ಟು ಎಂದರೆ 0.23 ಮಿಲಿಮೀಟರೋ 0.25ಓ ಎಂದು ಉತ್ತರ ಬಂತು. ನಮ್ಮೂರಿನಲ್ಲಿ ಬಡಿಗ, ಕಮ್ಮಾರ, ಟೇಲರು ಯಾರೂ ಹೀಗೆ ಕೇಳುವುದಿಲ್ಲ. “ಹಿಂದಿನದರಂಗ ಮಾಡು, ಹಂಗಂತ ಹಿಂದಿನದರಂಗ ಬ್ಯಾಡ” ಎಂದರೂ ಅವರಿಗೆ ಅರ್ಥವಾಗುತ್ತದೆ. ಡೋಂಗ್ವಾನಿನವರು ನಾವು ಮನಸ್ಸಿನಲ್ಲಿ ಇಟ್ಟುಕೊಂಡದ್ದನ್ನು ಮಾಡುವುದಿಲ್ಲ. ಬರೆದುಕೊಟ್ಟದ್ದನ್ನು ಮಾತ್ರ ಮಾಡುತ್ತಾರೆ, ಚಾಚೂ ತಪ್ಪದೆ. ನನ್ನ ಅನುಭವದಲ್ಲಿ ಇದಕ್ಕಿಂತ ಭಯಂಕರವಾದ ವಿಧೇಯತೆ ಇಲ್ಲ.

ಶೇಕಡಾ 30 ಮುಂಗಡ, ಉಳಿದ 70 ಹಡಗು ಹತ್ತುವ ಮುಂಚೆ, ಅಚ್ಚಿನ ಖರ್ಚು ಬೇರೆ. ರೊಕ್ಕ ಹೋದ ಮೇಲೆ ಚಿತ್ರ ಬಂತು. ಮುಚ್ಚಳದ ಮೇಲೆ ‘ಅಪ್‌ಪಟ ಬೆಲ್‌ಲದ ಕರದಂಟು’ ಎಂದಿತ್ತು. ಅವರ ಕಂಪ್ಯೂಟರಿಗೆ ನಮ್ಮ ಒತ್ತಕ್ಷರದ ಪರಿಚಯವಿಲ್ಲ. ಕೆಳಗೆ ತೂಗಬೇಕಾದದ್ದನ್ನು ಎತ್ತಿ ಪಕ್ಕದಲ್ಲಿ ಕೂರಿಸಿತ್ತು. ಅಕ್ಷರಗಳನ್ನು ಅಕ್ಷರವಾಗಿ ಕಳಿಸದೆ ರೇಖಾಚಿತ್ರವಾಗಿ ಮಾರ್ಪಡಿಸಿ ಕಳಿಸಬೇಕೆಂದು ಬೆಳಗಾವಿಯ ಡಿಟಿಪಿ ಹುಡುಗ ಹೇಳಿಕೊಟ್ಟ. ಆಗ ಪಕಾರದ ಒತ್ತು ತೆಪ್ಪಗೆ ತನ್ನ ಜಾಗಕ್ಕೆ ಬಂತು.

ಜಲಪಾತದ್ದು ಇನ್ನೊಂದು ತಕರಾರು. ಮಳೆಗಾಲದಲ್ಲಿ ನಮ್ಮ ಘಟಪ್ರಭೆ 52 ಮೀಟರ್ ಎತ್ತರದಿಂದ ಬೀಳುವಾಗ ಕೆಂಪು ಮಣ್ಣು ಕಲಸಿದ ರಾಡಿಯ ಬಣ್ಣ. ಆ ಬಣ್ಣದಲ್ಲೇ ಅದರ ಆರ್ಭಟ ಇರುವುದು. ಅಲ್ಲಿನ ಕಲಾವಿದ ಅದನ್ನು ಕಂಡು ಮರುಗಿರಬೇಕು, ಇಡೀ ನದಿಯನ್ನು ತೊಳೆದು ನೀಲಿ ಮಾಡಿದ್ದ. ನಮ್ಮ ನೀರು ಹೀಗೇ ಇರುವುದು ಎಂದು ಬರೆದರೆ, ಹಾಗಾದರೆ ಪ್ಯಾಂಟೋನ್ ನಂಬರು ಕೊಡಿ ಎಂದರು. ಬಣ್ಣದ ಕಾರ್ಡು ಹಿಡಿದು ಹೊಳೆಯ ದಂಡೆಯ ಮೇಲೆ ನಿಂತು ರಾಡಿಗೆ ನಂಬರು ಹುಡುಕಿದ್ದು ಗೋಕಾಕದ ಇತಿಹಾಸದಲ್ಲಿ ನಾನೇ ಮೊದಲಿರಬಹುದು. ನೋಡಿದವರು ಪೇಂಟ್ ಅಂಗಡಿ ತೆಗೀತೀರೇನ್ರಿ ಎಂದು ಕೇಳಿದರು.

ದೀಪಾವಳಿಗೆ ಬೇಕೆಂದು ಹೊರಟ ಡಬ್ಬಿಗೆ ಅಕ್ಟೋಬರ್ 1ರಿಂದ ಅವರ ರಾಷ್ಟ್ರೀಯ ರಜೆ ಅಡ್ಡ ಬಂತು. ಇದಾದ ಮೇಲೆ ಅವರ ಹೊಸವರ್ಷ ಬರುತ್ತದೆ. ಆಗ ವಾರಗಟ್ಟಲೆ ಕಾರ್ಖಾನೆಗಳಲ್ಲಿ ನೊಣವೂ ಹಾರುವುದಿಲ್ಲ. ಆಮದು ಮಾಡುವವರ ಮನೆಯಲ್ಲಿ ಎರಡು ಪಂಚಾಂಗ ಇರಬೇಕು.

ಕೊನೆಗೆ ಡಬ್ಬಿ ಬಂದರು ಮುಟ್ಟಿತು. ಮುಂಬಯಿಯ ಕಸ್ಟಮ್ಸ್ ಏಜೆಂಟು ಫೋನಿನಲ್ಲಿ ಕೇಳಿದ ಪ್ರಶ್ನೆ ನನ್ನನ್ನು ಈಗಲೂ ಕಾಡುತ್ತದೆ: “ಸಾರ್, ಇದು ಡಬ್ಬಿಯೋ, ಮನೆಬಳಕೆಯ ಸಾಮಾನೋ?”

ಜಗತ್ತಿನ ಸಮಸ್ತ ಸರಕಿಗೂ ಒಂದೊಂದು ಸಂಖ್ಯೆ ಇದೆ. 1988ರಿಂದ ಜಾರಿಯಲ್ಲಿರುವ ಈ ಎಚ್‌ಎಸ್ ಪದ್ಧತಿಯ ಮೊದಲ ಆರು ಅಂಕಿ ಅದನ್ನು ಒಪ್ಪಿದ ಎಲ್ಲ ದೇಶಗಳಿಗೂ ಒಂದೇ. ನಮ್ಮವರು ಇನ್ನೆರಡು ಸೇರಿಸಿ ಎಂಟು ಮಾಡಿದ್ದಾರೆ. ಸರಕು ತುಂಬಿ ಮಾರುವ ಕಬ್ಬಿಣದ ಡಬ್ಬಿ 7310ರಲ್ಲಿ ಬರುತ್ತದೆ. ಅಡುಗೆಮನೆಯಲ್ಲಿ ಚಹಾಪುಡಿ, ಬಿಸ್ಕತ್ತು ಇಡುವ ಡಬ್ಬಿ 7323ಕ್ಕೆ, ಅಂದರೆ ಗೃಹೋಪಯೋಗಿ ಸಾಮಾನುಗಳ ಸಾಲಿಗೆ ಸೇರುತ್ತದೆ. ಹಾಗಾದರೆ ಕರದಂಟು ತಿಂದು ಮುಗಿಸಿದ ಮೇಲೆ ಆ ಡಬ್ಬಿ ಏನು? ಭಾರತದ ಯಾವ ಮನೆಯಲ್ಲಿ ಬಿಸ್ಕತ್ತಿನ ತಗಡಿನ ಡಬ್ಬಿಯೊಳಗೆ ಬಿಸ್ಕತ್ತು ಇದೆ? ಸೂಜಿ, ದಾರ, ಗುಂಡಿ, ಹಳೆಯ ಕೀಲಿಕೈ, ಯಾವ ಅಂಗಿಯದೆಂದು ಯಾರಿಗೂ ಗೊತ್ತಿಲ್ಲದ ಹುಕ್ಕು! ಇದನ್ನೆಲ್ಲ ಏಜೆಂಟನಿಗೆ ವಿವರಿಸಲು ಹೋದೆ. “ಸಾರ್, ಅದನ್ನ ಯಾರ ಮುಂದೂ ಹೇಳಬ್ಯಾಡ್ರಿ” ಎಂದು ಫೋನಿಟ್ಟ.

ಡಬ್ಬಿಗಳು 7310 ಆಗಿಯೇ ಹೊರಬಂದವು. ಈಗ ಅಂಗಡಿಯಲ್ಲಿವೆ, ಕರದಂಟಿಗಿಂತ ಡಬ್ಬಿ ಚೆನ್ನಾಗಿದೆ ಎಂದು ಹೇಳಿಹೋದವರೂ ಉಂಟು. ಕೊಳ್ಳುವವರಲ್ಲಿ ನನ್ನದೊಂದೇ ಪ್ರಾರ್ಥನೆ. ಒಳಗಿನದು ಖಾಲಿಯಾದ ಮೇಲೆ ಅದರಲ್ಲಿ ಸೂಜಿ ದಾರ ಇಟ್ಟುಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಆ ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಾಕಬೇಡಿ. ಮುಂದಿನ ಸರಕು ಇನ್ನೂ ಹಡಗಿನಲ್ಲಿದೆ.