ಪಿಕಪ್ ಕಳೆದುಕೊಂಡ ಡೀಸೆಲ್ ಕಾರು: ಮಾಲೀಕರ ಕೈಪಿಡಿ

ಅಭಿನಂದನೆಗಳು! ನಿಮ್ಮ ಡೀಸೆಲ್ ಕಾರು ಆಗಾಗ ಎಳೆಯುವುದನ್ನು ನಿಲ್ಲಿಸುತ್ತಿದೆ. ಪೂರ್ತಿ ಕೆಟ್ಟು ನಿಂತ ಕಾರನ್ನು ಯಾರು ಬೇಕಾದರೂ ರಿಪೇರಿ ಮಾಡಿಯಾರು. ಶಿರಾಡಿ ಘಾಟಿಯಲ್ಲಿ ಕೆಟ್ಟು, ಗ್ಯಾರೇಜಿನ ಗೇಟಿನಲ್ಲಿ ತಾನಾಗಿಯೇ ಸರಿಹೋಗುವ ಕಾರಿನವರಿಗಾಗಿ ಈ ಕೈಪಿಡಿ.

ಬೇಕಾಗುವ ಸಾಮಗ್ರಿ: ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಓಬಿಡಿ ಸಾಕೆಟ್ಟಿಗೆ ಸಿಕ್ಕಿಸುವ ಸ್ಕ್ಯಾನರ್, ಟಾರ್ಚು, ನೋಟ್‌ಬುಕ್ಕು, ಹಿಂದಿನ ಸೀಟಿನಲ್ಲಿ ಸಲಹೆ ಕೊಡದೆ ಕೂರುವ ಒಬ್ಬ ಸಂಬಂಧಿಕ. ಕೊನೆಯದು ಎಲ್ಲೂ ಸಿಗುವುದಿಲ್ಲ, ಅದಿಲ್ಲದೆಯೇ ಮುಂದುವರಿಯಿರಿ.

ಹಂತ 1: ಲಕ್ಷಣ ಗುರುತಿಸಿ
ಗುಂಡ್ಯ ದಾಟಿದ್ದೀರಿ, ಏರು ಶುರುವಾಗಿದೆ, ಮುಂದೊಂದು ಟ್ಯಾಂಕರ್. ಆಕ್ಸಿಲರೇಟರ್ ಒತ್ತಿದರೆ ಸದ್ದು ಬರುತ್ತದೆ, ವೇಗ ಬರುವುದಿಲ್ಲ. ಚೆಕ್ ಇಂಜಿನ್ ದೀಪ ಹತ್ತಿ, ಮುಳ್ಳು 3,000 ಆರ್‌ಪಿಎಂ ಆಸುಪಾಸಿನಲ್ಲೇ ನಿಂತರೆ ಇದು ಲಿಂಪ್ ಮೋಡ್. ಸೆನ್ಸರ್ ಕೊಟ್ಟ ಲೆಕ್ಕ ತಾಳೆಯಾಗದಾಗ ಇಂಜಿನ್ನಿನ ಕಂಪ್ಯೂಟರ್ ಆದ ಇಸಿಯು, ಅನುಮಾನ ಬಂದ ಗುಮಾಸ್ತ ಫೈಲು ತಡೆಹಿಡಿದಂತೆ, ಇಂಜಿನ್ ಉಳಿಸಲು ಡೀಸೆಲ್ಲನ್ನೂ ಟರ್ಬೊ ಒತ್ತಡವನ್ನೂ ತಡೆಹಿಡಿಯುತ್ತದೆ.
ಎಚ್ಚರಿಕೆ: ಟ್ಯಾಂಕರ್ ಮುಂದೆ ಹೋಗಲಿ. ಅದಕ್ಕೂ ಮನೆಯಿದೆ.

ಹಂತ 2: ಆಫ್ ಮಾಡಿ, ಆನ್ ಮಾಡಿ
ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಇಂಜಿನ್ ಆರಿಸಿ ಮತ್ತೆ ಚಾಲೂ ಮಾಡಿ. ಎಷ್ಟೋ ಸಲ ಕಾರು ಏನೂ ಆಗಿಯೇ ಇಲ್ಲವೆಂಬಂತೆ ಓಡುತ್ತದೆ. ಸಂಭ್ರಮಿಸಬೇಡಿ. ಹೋಗಿರುವುದು ಲಿಂಪ್ ಮೋಡ್, ದೋಷವಲ್ಲ. ದೋಷ ಕಂಡ ಗಳಿಗೆಯ ವೇಗ, ಆರ್‌ಪಿಎಂ, ಇಂಜಿನ್ ಶಾಖ ಎಲ್ಲವೂ ಫ್ರೀಜ್ ಫ್ರೇಮ್ ಆಗಿ ಇಸಿಯುವಿನಲ್ಲಿ ದಾಖಲಾಗಿರುತ್ತವೆ. "ಬ್ಯಾಟರಿ ವಯರ್ ಕಿತ್ತು ಹಾಕಿ, ಸರಿಹೋಗುತ್ತೆ" ಎನ್ನುವವರನ್ನು ದೂರವಿಡಿ. ಇದ್ದೊಂದು ಸಾಕ್ಷಿಯೂ ಅಳಿಸಿಹೋಗಬಹುದು.

ಹಂತ 3: ತಜ್ಞರನ್ನು ಸಹಿಸಿಕೊಳ್ಳಿ
ಒಬ್ಬ ಮೆಕ್ಯಾನಿಕ್ ಖಾಲಿ ಕಾರನ್ನು ಸಮತಟ್ಟು ರಸ್ತೆಯಲ್ಲಿ ಓಡಿಸಿ "ಬೆಣ್ಣೆ ಥರ ಇದೆ ಸಾರ್" ಎನ್ನುತ್ತಾನೆ. ಇನ್ನೊಬ್ಬ ಬಾನೆಟ್ ತೆರೆಯುವ ಮೊದಲೇ "ಟರ್ಬೊ ಹೋಗಿದೆ" ಎನ್ನುತ್ತಾನೆ. ಭಾವಮೈದುನ ಬಂಕನ್ನು ಬೈಯುತ್ತಾನೆ. ಎದುರು ಮನೆಯವರು ಎಲೆಕ್ಟ್ರಿಕ್ ಕಾರಿನ ಬೆಲೆ ಹೇಳುತ್ತಾರೆ. ಎಲ್ಲರಿಗೂ ಕಾಫಿ ಕೊಟ್ಟು ಕಳಿಸಿ.

ಹಂತ 4: ಸ್ಕ್ಯಾನರ್ ಸಿಕ್ಕಿಸಿ ದೋಷದ ಕೋಡ್ ಓದಿ
ಪಿ0299: ಟರ್ಬೊ ಒತ್ತಡ ಸಾಲದು. ಇದರರ್ಥ ಟರ್ಬೊ ಬದಲಿಸಿ ಎಂದಲ್ಲ. ಕೋಡ್ ರೋಗಲಕ್ಷಣ ಹೇಳುತ್ತದೆ, ಅಪರಾಧಿಯ ಹೆಸರನ್ನಲ್ಲ. ಮೊದಲು ತೆಳು ರಬ್ಬರಿನ ವ್ಯಾಕ್ಯೂಮ್ ಪೈಪುಗಳನ್ನು ಬೆರಳಿಂದ ಬಾಗಿಸಿ ನೋಡಿ. ತಣ್ಣಗಿದ್ದಾಗ ಮುಚ್ಚಿಕೊಂಡಿರುವ ಬಿರುಕು ಬಿಸಿಯಾದಾಗ ಬಾಯಿಬಿಡುತ್ತದೆ. ಇಂಟರ್‌ಕೂಲರ್ ಹೋಸ್ ಸೇರುವ ಕಡೆ ಎಣ್ಣೆ ಜಿಡ್ಡಿದ್ದರೆ ಅಲ್ಲಿ ಗಾಳಿ ಸೋರುತ್ತಿರಬಹುದು. ಆಮೇಲೆ ಆಕ್ಚುಯೇಟರ್, ಮಸಿ ಕಟ್ಟಿ ಬಿಗಿದುಕೊಂಡ ಟರ್ಬೊ ರೆಕ್ಕೆಗಳು.
ಪಿ0087: ರೈಲ್ ಒತ್ತಡ, ಅಂದರೆ ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ಕೊಳವೆಯ ಒತ್ತಡ, ಕಡಿಮೆ. ಡೀಸೆಲ್ ಫಿಲ್ಟರ್ ಕೊನೆಯ ಸಲ ಬದಲಾದದ್ದು ಯಾವಾಗ? ನೆನಪಿಲ್ಲದಿದ್ದರೆ ಉತ್ತರ ಸಿಕ್ಕಿದಂತೆಯೇ. ಕಟ್ಟಿಕೊಂಡ ಫಿಲ್ಟರ್ ಊರೊಳಗೆ ಹೇಗೋ ನಿಭಾಯಿಸಿ, ಹೆಚ್ಚು ಡೀಸೆಲ್ ಬೇಡುವ ಏರಿನಲ್ಲಿ ಕೈಕೊಡುತ್ತದೆ. ಅದರ ತಳದಲ್ಲಿ ನಿಂತ ನೀರನ್ನೂ ಬಸಿಯಿರಿ.
ಪಿ0401: ಹೊಗೆಯ ಒಂದು ಪಾಲನ್ನು ಇಂಜಿನ್ನಿಗೇ ಮರಳಿಸುವ ಇಜಿಆರ್‌ನ ಹರಿವು ಕಡಿಮೆ. ವಾಲ್ವಿನಲ್ಲೋ ಅದರ ದಾರಿಯಲ್ಲೋ ಮಸಿ ಕೂತಿರಬಹುದು.
ಡಿಪಿಎಫ್ ದೀಪ: 2020ರ ಏಪ್ರಿಲ್ 1ರಿಂದ ಬಿಎಸ್-6 ಬಂದ ಮೇಲೆ ಡೀಸೆಲ್ ಕಾರುಗಳಲ್ಲಿ ಈ ಮಸಿ ಜರಡಿ ಸಾಮಾನ್ಯ. ಸಿಕ್ಕಿಬಿದ್ದ ಮಸಿ ಸುಟ್ಟುಹೋಗಲು ಸುಮಾರು 600 ಡಿಗ್ರಿ ಶಾಖ ಬೇಕು. ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ತೆವಳುವ ಕಾರಿಗೆ ಅದು ದಕ್ಕುವುದು ಕಷ್ಟ. ಕಾರಿನ ಪುಸ್ತಕ ಹೇಳಿದಂತೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿಸಿ. ರಜೆ ಅರ್ಜಿಯಲ್ಲಿ "ಕಾರಿನ ಆರೋಗ್ಯಕ್ಕಾಗಿ" ಎಂದು ಬರೆಯಬಹುದು.

ಹಂತ 5: ಅಗ್ಗದ್ದು ಮೊದಲು, ಒಂದೊಂದಾಗಿ
ಪೈಪು, ಕ್ಲ್ಯಾಂಪು, ಫಿಲ್ಟರು, ಸೆನ್ಸರು, ಕಡೆಗೆ ಟರ್ಬೊ. ಒಟ್ಟಿಗೆ ಮೂರು ಬದಲಿಸಿದರೆ ಕಾರು ಸರಿಹೋದರೂ ಯಾವುದರಿಂದ ಎಂಬುದು ತಿಳಿಯದು. ಬಿಲ್ಲಿನಲ್ಲಂತೂ ಮೂರೂ ಇರುತ್ತವೆ.

ಹಂತ 6: ಏರಿನಲ್ಲೇ ಪರೀಕ್ಷೆ
ಕಾರು ಕೆಟ್ಟ ಜಾಗಕ್ಕೇ, ಅಷ್ಟೇ ಭಾರ ಹೊತ್ತು, ಮೆಕ್ಯಾನಿಕ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗಿ. ಸ್ಕ್ಯಾನರ್ ಅವನ ಕೈಯಲ್ಲಿರಲಿ. ಇಸಿಯು ಬಯಸಿದ ಟರ್ಬೊ ಒತ್ತಡ ಮತ್ತು ನಿಜವಾಗಿ ಬಂದ ಒತ್ತಡ, ಹಾಗೆಯೇ ರೈಲ್ ಒತ್ತಡದ ಎರಡೂ ಅಂಕಿಗಳನ್ನು ದಾಖಲಿಸಲಿ. ಯಾವ ಜೋಡಿ ಮೊದಲು ಬೇರೆಯಾಯಿತೋ ಅಲ್ಲಿಂದ ಹುಡುಕಾಟ ಶುರು.

ಷರತ್ತುಗಳು: ಚಕ್ರದ ಕೆಳಗೆ ನಿಂಬೆಹಣ್ಣು ಇಡಲು ಈ ಕೈಪಿಡಿಯ ಅಭ್ಯಂತರವಿಲ್ಲ, ಪೈಪಿನ ಬಿರುಕಿಗೆ ಅದು ಹೊಣೆಯಲ್ಲ.

ಕೊನೆಯ ಮಾತು: ಟರ್ಬೊ ಬದಲಿಸಿ ಎಂದವರನ್ನು ಕೇಳಿ, "ಏರಿನಲ್ಲಿ ಬೇಕಿದ್ದ ಒತ್ತಡ ಎಷ್ಟು, ಬಂದದ್ದೆಷ್ಟು?" ಅಂಕಿ ಹೇಳಲಾಗದವರ ಕೈಗೆ ಕಾರಿನ ಕೀ ಕೊಡಬೇಡಿ.