ಎರಡು ನಿಮಿಷದ ತಕರಾರು

ನಾಲ್ಕು ಬಾಹುಗಳೂ ಸಮ ಎಂದಷ್ಟೇ ಹೇಳಿ ವಜ್ರಾಕೃತಿ ಬರೆಸಿದರೆ, ಒಬ್ಬ ಹುಡುಗ ಹೊಟ್ಟೆ ಉಬ್ಬಿದ್ದನ್ನು ಬರೆಯುತ್ತಾನೆ, ಪಕ್ಕದವನು ಹೊಟ್ಟೆಗಿಲ್ಲದೆ ಸೊರಗಿದ್ದನ್ನು. ಮೇಷ್ಟ್ರು ಇಬ್ಬರಿಗೂ ಅಂಕ ಕೊಡಲೇಬೇಕು. ಕಾರು ಎತ್ತುವ ಜ್ಯಾಕ್‌ನಲ್ಲಿ ಆಗುವುದೂ ಇದೇ: ತಿರುಪು ತಿರುಗಿದಂತೆ ತೋಳುಗಳ ಉದ್ದ ಹಾಗೇ ಇರುತ್ತದೆ, ಮೇಲಿನ ಕೋನ ಕಿರಿದಾಗುತ್ತ ಪಕ್ಕದ್ದು ಅಗಲವಾಗುತ್ತ ಹೋಗುತ್ತದೆ.

ಆದರೆ ಒಂದು ಕೋನ ಗೊತ್ತಾಯಿತೋ, ಉಳಿದ ಮೂರರ ಆಟ ಮುಗಿಯಿತು. ಎದುರಿನದು ಅಷ್ಟೇ, ಅಕ್ಕಪಕ್ಕದವು 180 ಡಿಗ್ರಿಯಲ್ಲಿ ಉಳಿದಷ್ಟು. ಕರ್ಣಗಳದ್ದು ಮಾತ್ರ ಒಂದೇ ಹಟ, ಏನೇ ಆದರೂ ಒಂದನ್ನೊಂದು ಕತ್ತರಿಸುವುದು 90 ಡಿಗ್ರಿಯಲ್ಲೇ.

ಇಷ್ಟೊಂದು ಸ್ವಾತಂತ್ರ್ಯವಿದ್ದೂ ಒಂದೇ ಕೋನಕ್ಕೆ ಗಂಟುಬಿದ್ದದ್ದು ಜೇನ್ನೊಣ. ಖಾಲಿ ಎರಿಯನ್ನು ಬೆಳಕಿಗೆ ಹಿಡಿದು ಇಣುಕಿದರೆ ಕೋಶದ ತಳ ಸಪಾಟಾಗಿಲ್ಲ. ಮೂರು ವಜ್ರಾಕೃತಿಯ ಮೇಣದ ಹಾಳೆಗಳು ನಡುವೆ ಕೂಡಿ ತಗ್ಗಾಗಿವೆ. ಒಂದೊಂದು ಹಾಳೆಯೂ ಹಿಂಬದಿಯ ಒಂದೊಂದು ಕೋಶದ ತಳದ ಒಂದು ಪಾಲು. ಗೋಡೆ ಹಂಚಿಕೊಂಡರೂ ಅಲ್ಲಿ ತಕರಾರಿಲ್ಲ.

ತಕರಾರು ತೆಗೆದವರು ಯುರೋಪಿನ ವಿದ್ವಾಂಸರು. 1712ರಲ್ಲಿ ಪ್ಯಾರಿಸ್ಸಿನ ಖಗೋಳಜ್ಞ ಮರಾಲ್ಡಿ ಅಳೆದು, ಸುಮಾರು 110 ಮತ್ತು 70 ಡಿಗ್ರಿ ಎಂದ. ತಳದ ವಿಶಾಲ ಕೋನವೂ ಪಕ್ಕದ ಗೋಡೆಯದೂ ಸಮ ಎಂದುಕೊಂಡು ಲೆಕ್ಕ ಹಾಕಿ 109 ಡಿಗ್ರಿ 28 ನಿಮಿಷ, 70 ಡಿಗ್ರಿ 32 ನಿಮಿಷ ಎಂದೂ ಬರೆದ. ಓದಿದವರು ಲೆಕ್ಕವನ್ನೇ ಅಳತೆ ಎಂದು ನಂಬಿದರು. ಮುಂದೆ ಕೀಟಗಳ ವಿದ್ವಾಂಸ ರಿಯೋಮ್ಯೂರ್, ಅತಿ ಕಡಿಮೆ ಮೇಣ ಹಿಡಿಯುವ ಕೋನ ಯಾವುದೆಂದು ಗಣಿತಜ್ಞ ಕೋನಿಗ್‌ನನ್ನು ಕೇಳಿದ. ಬಂದ ಉತ್ತರ 109 ಡಿಗ್ರಿ 26 ನಿಮಿಷ. ಎರಡು ನಿಮಿಷ, ಅಂದರೆ ಒಂದು ಡಿಗ್ರಿಯ ಮೂವತ್ತನೇ ಒಂದು ಪಾಲು, ನೊಣದ್ದೇ ತಪ್ಪು ಎಂದಾಯಿತು!

1743ರಲ್ಲಿ ಸ್ಕಾಟ್ಲೆಂಡಿನ ಮೆಕ್ಲಾರಿನ್ ಶಾಲೆಯ ರೇಖಾಗಣಿತದಿಂದಲೇ ಸಾಧಿಸಿ ತೋರಿಸಿದ: ಉದ್ದ ಕರ್ಣ ಗಿಡ್ಡ ಕರ್ಣದ √2ರಷ್ಟಿದ್ದರೆ ಮೇಣ ಅತಿ ಕಡಿಮೆ, ಆಗ ಕೋನ 109 ಡಿಗ್ರಿ 28 ನಿಮಿಷ. ತಪ್ಪಿದ್ದು ಕೋನಿಗ್. ನೊಣಕ್ಕೆ ಖುಲಾಸೆ.

ನಿಜ ಹೇಳಬೇಕೆಂದರೆ ಆರೋಪಿಗೆ ಮೊಕದ್ದಮೆಯೇ ಗೊತ್ತಿರಲಿಲ್ಲ. ಮೆತ್ತನೆ ಮೇಣದಲ್ಲಿ ನಿಮಿಷದ ಲೆಕ್ಕ ಎಲ್ಲಿಂದ ಬರಬೇಕು? ಕೋಶದಿಂದ ಕೋಶಕ್ಕೆ ಡಿಗ್ರಿಗಳಷ್ಟೇ ಹೆಚ್ಚುಕಡಿಮೆ ಇರುತ್ತದೆ.

ವಿದ್ವಾಂಸರು ಅಷ್ಟಕ್ಕೂ ಬಿಡಲಿಲ್ಲ. 1964ರಲ್ಲಿ ಹಂಗೆರಿಯ ಫೇಯೆಶ್ ಟೋಟ್, ಎರಡು ಷಟ್ಕೋನ ಮತ್ತು ಎರಡು ಪುಟ್ಟ ವಜ್ರಾಕೃತಿಗಳ ತಳ ಮಾಡಿದರೆ ಇನ್ನೂ ಚೂರು ಮೇಣ ಉಳಿಯುತ್ತದೆ ಎಂದು ತೋರಿಸಿದ. ಉಳಿಯುವುದು ಕೋಶದ ಬಾಯಿಯ ವಿಸ್ತೀರ್ಣದ ಶೇ. 0.35ಕ್ಕೂ ಕಡಿಮೆ. ಅಷ್ಟಕ್ಕಾಗಿ ಮನೆಯ ನಕ್ಷೆ ಬದಲಿಸಲು ಯಾವ ತುಡುವೆಯೂ ಇದುವರೆಗೆ ಮುಂದೆ ಬಂದಿಲ್ಲ.